ಅಡುಗೆಮನೆ ಕಸ ಕಮ್ಮಿ ಮಾಡಬೇಕು, ಮಾಡಿ ನೋಡಿದವರು ಹೇಳಿ

ಎರಡನೇ ಮಹಡಿ: ಬೆಂಗಳೂರಲ್ಲಿ ಬಾಡಿಗೆ ಮನೆ, ಮೂರು ಜನ, ಸಣ್ಣ ಬಾಲ್ಕನಿ. ಟಿಶ್ಯೂ, ತಿಂಡಿ ಸುತ್ತಿಡೋ ಕ್ಲಿಂಗ್ ಫಿಲ್ಮ್, ಪ್ಲಾಸ್ಟಿಕ್ ಸ್ಕ್ರಬ್ಬರ್, ಕವರ್ ಎಲ್ಲಾ ಬಿಡಬೇಕು ಅಂತಿದೆ. ತಿಂಗಳಿಗೆ ಸಾವಿರ ರೂಪಾಯಿ ಖರ್ಚು ಮಾಡಬಹುದು. ಯಾವುದರಿಂದ ಶುರು ಮಾಡಲಿ?

ಗೊಬ್ಬರದವನು: ನಾನು ಕಾಂಪೋಸ್ಟ್ ಮಡಕೆಯಿಂದ ಶುರು ಮಾಡಿದೆ. ಮೂರಂತಸ್ತಿನದ್ದು 2,800 ರೂಪಾಯಿ, ಸಾಗಾಟ 350 ಬೇರೆ. ನಡುವಿನ ಮಡಕೆ ಬಿರುಕು ಬಿಟ್ಟೇ ಬಂತು. ಫೋಟೋ ಕಳಿಸಿ ಅಂದರು, ಕಳಿಸಿದೆ, ಆಮೇಲೆ ಫೋನೇ ಎತ್ತಲಿಲ್ಲ. ಬಿರುಕಿಗೆ ಸಿಮೆಂಟ್ ಮೆತ್ತಿ ಇಟ್ಟುಕೊಂಡೆ. ಕಸದ ಮೇಲೆ ಹಾಕೋ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಇಟ್ಟಿಗೆಗೆ 240. ನೆನೆಸಿದರೆ ಬಕೆಟ್‌ಗಟ್ಟಲೆ ಉಬ್ಬುತ್ತದೆ, ಆದರೆ ಒಣಗಿಸದೆ ಹಾಕಿದರೆ ಕಥೆ ಮುಗಿಯಿತು. ಮಳೆಗಾಲದಲ್ಲಿ ಎಲ್ಲಿ ಒಣಗಿಸೋದು? ಅಡಿಯಿಂದ ಕಪ್ಪು ನೀರು ಸೋರಿ ಮಾಲೀಕರ ಟೈಲ್ಸ್ ಕಲೆಯಾಯಿತು. ಅಡ್ವಾನ್ಸ್‌ನಲ್ಲಿ 4,000 ಹಿಡಿದುಕೊಂಡರು. ಹುಳ ಕಂಡ ದಿನವೇ ಹೆಂಡತಿ ಬಾಲ್ಕನಿ ಬಾಗಿಲು ಹಾಕಿಬಿಟ್ಟಳು. ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಕಚ್ಚೋದಿಲ್ಲ, ಕಸ ತಿಂದು ಬೇಗ ಕರಗಿಸುತ್ತದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಈಗ ಕೊಕೊಪೀಟ್ ಬಿಟ್ಟಿದ್ದೇನೆ. ಪಾರ್ಕಿನಲ್ಲಿ ಗುಡಿಸಿದ ಒಣ ಎಲೆ ಪುಕ್ಕಟೆ ಸಿಗುತ್ತದೆ. ಜೊತೆಗೆ ಸ್ವಲ್ಪ ಹುಳಿ ಮಜ್ಜಿಗೆ. ವಾಸನೆ ಇಲ್ಲವೇ ಇಲ್ಲ. ನಮ್ಮ ಕರಿಬೇವು ನೋಡಬೇಕು ನೀವು.

ಸ್ಟೀಲ್ ಡಬ್ಬಿ: ಅವರು ಕೇಳಿದ್ದು ಸಾಮಾನಿನ ಬಗ್ಗೆ, ನೀವು ಹೇಳಿದ್ದು ಹುಳದ ಕಥೆ. ಏಳು ಸಾವಿರ ಸುರಿದು ಕರಿಬೇವು ಬೆಳೆಸಿದ್ದೀರಿ, ಸಂತೋಷ. ಹಸಿ ಕಸ ಪಾಲಿಕೆ ಗಾಡಿಯೇ ಒಯ್ಯುತ್ತದೆ, ಅಲ್ವಾ?

ನಾನು ಏನನ್ನೂ ಕೊಂಡಿಲ್ಲ. ಹಳೇ ಪಂಚೆ ಹರಿದು ಚೌಕ ಮಾಡಿದೆ, ಟಿಶ್ಯೂ ಖರ್ಚು ನಿಂತಿತು. ಹಾರ್ಲಿಕ್ಸ್ ಬಾಟಲಿಗಳಲ್ಲಿ ಬೇಳೆಕಾಳು. ಮದುವೆಗೆ ಉಡುಗೊರೆ ಬಂದ ಸ್ಟೀಲ್ ಡಬ್ಬಿಗಳನ್ನು ಅಟ್ಟದಿಂದ ಇಳಿಸಿದೆ, ಮುಚ್ಚಳದ ಮೇಲೆ ಕೊಟ್ಟವರ ಹೆಸರು, ತಾರೀಖು ಇನ್ನೂ ಇದೆ. ತಕರಾರು ಒಂದೇ. ಕೋಳಿ ಅಂಗಡಿಯವನು ಡಬ್ಬಿ ಸಮೇತ ತೂಗಿದ. ಡಬ್ಬಿ 310 ಗ್ರಾಂ, ಕೆಜಿಗೆ 260 ರೂಪಾಯಿ, ಲೆಕ್ಕ ಹಾಕಿ. ಎಂಬತ್ತು ರೂಪಾಯಿ ಸ್ಟೀಲಿಗೇ ಕೊಟ್ಟ ಹಾಗಾಯಿತು. ಕೇಳಿದರೆ ‘ಕವರಲ್ಲಿ ತಗೊಳ್ಳಿ ಮೇಡಂ’ ಅಂತಾನೆ! ಈಗ ಖಾಲಿ ಡಬ್ಬಿ ಮೊದಲು ಇಡಿಸಿ, ಸೊನ್ನೆ ಮಾಡಿಸಿ, ಆಮೇಲೇ ಕತ್ತಿ ಎತ್ತಿಸೋದು.

ಗೊಬ್ಬರದವನು: ಗಾಡಿ ಒಯ್ಯುತ್ತದೆ, ಎಲ್ಲಿಗೆ? ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನವರನ್ನು ಕೇಳಿ. ಅವರು ರಸ್ತೆಗಿಳಿದ ಮೇಲೆ ತಾನೇ 2014ರಲ್ಲಿ ಅಲ್ಲಿ ಸುರಿಯೋದು ನಿಂತಿದ್ದು? ನಿಮ್ಮ ಕೋಳಿ ಡಬ್ಬಿಯಿಂದ ಅಲ್ಲ.

ಸ್ಟೀಲ್ ಡಬ್ಬಿ: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್‌ನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2015ರ ಕೊನೆಗೆ ಹೈಕೋರ್ಟ್ ಹೇಳಿದಾಗಿಂದ ಮಾಡ್ತಿದ್ದೇನೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕೂಡ ಪೂರ್ತಿ ಕತ್ತರಿಸೋದಿಲ್ಲ, ಅಂಟಿಕೊಂಡೇ ಇರಬೇಕು. ಉದುರಿದ ಆ ಚೂರನ್ನು ಯಾರೂ ಆಯೋದಿಲ್ಲ, ಸೀದಾ ಚರಂಡಿಗೆ. ನನಗೆ ಪಾಠ ಬೇಡ.

ಕಲಬುರಗಿಯವಳು: ಕ್ಲಿಂಗ್ ಫಿಲ್ಮ್ ಬದಲು ಜೇನುಮೇಣದ ಬಟ್ಟೆ ಅಂತ ಯಾರಾದರೂ ಹೇಳುವ ಮೊದಲು ನಾನೇ ಹೇಳುತ್ತೇನೆ. ಮೂರು ಬಟ್ಟೆಗೆ 950 ಕೊಟ್ಟೆ. ಮೇಣ ಅರವತ್ತು ಡಿಗ್ರಿ ದಾಟಿದರೆ ಕರಗುತ್ತದೆ. ಹೆಂಚಿನಿಂದ ಇಳಿದ ರೊಟ್ಟಿ ಸುತ್ತಿದರೆ ರೊಟ್ಟಿಗೂ ಮೇಣ, ಕೈಗೂ ಮೇಣ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಡ್ರಾಯರಿನೊಳಗೇ ಮೂರೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಜಿಡ್ಡಾದರೆ ಬಿಸಿನೀರಲ್ಲಿ ತೊಳೆಯುವಂತೆಯೂ ಇಲ್ಲ. ಅವ್ವ ಕಟಕ ರೊಟ್ಟಿಯನ್ನು ಹತ್ತಿ ಬಟ್ಟೆಯಲ್ಲಿ ಕಟ್ಟಿ ವಾರಗಟ್ಟಲೆ ಇಡುತ್ತಾಳೆ. ನೋಡಿ ನಕ್ಕಳು. 950 ರೂಪಾಯಿ ರೀ!

ಎರಡನೇ ಮಹಡಿ: ಸ್ಕ್ರಬ್ಬರ್ ಬಗ್ಗೆ ಯಾರಾದರೂ?

ಅಂಟುವಾಳ: ಹೀರೆಕಾಯಿ ನಾರು. ಅಂಗಡಿಯಲ್ಲಿ 120 ಕೊಡಬೇಡಿ, ಬಲಿತು ಒಣಗಿದ ಕಾಯಿ ಊರಿಂದ ತರಿಸಿ. ತೊಳೆದು ಬಿಸಿಲಿಗಿಡದಿದ್ದರೆ ನಾತ ಬರುತ್ತದೆ, ಅಷ್ಟೇ.

ಆದರೆ ನಿಜವಾದ ಕೆಲಸ ಬಯೋ ಎಂಜೈಮಿನದು, ಸಿಪ್ಪೆ ಹುಳಿ ಬರಿಸಿ ಮಾಡೋ ಪಾತ್ರೆ ತೊಳೆಯುವ ನೀರು. ಬೆಲ್ಲ ಒಂದು ಪಾಲು, ನಿಂಬೆ-ಮೂಸಂಬಿ ಸಿಪ್ಪೆ ಮೂರು, ನೀರು ಹತ್ತು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಹೇಳಿಕೊಟ್ಟವರು ಈ ಮಾತು ಹೇಳಲೇ ಇಲ್ಲ. ಗಾಜಿನ ಜಾಡಿ ರಾತ್ರಿ ಸಿಡಿಯಿತು. ಅಕ್ಕಿ ಡಬ್ಬಿಯೊಳಗೆಲ್ಲ ಗಾಜು, ಆರು ಕೆಜಿ ಸೋನಾ ಮಸೂರಿ ಸುರಿಯಬೇಕಾಯಿತು. ಕಪಾಟಿನ ಪ್ಲೈವುಡ್ ಉಬ್ಬಿತು, ಬಡಗಿಗೆ 1,800. ಇರುವೆ ಇನ್ನೂ ಹೋಗಿಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲೇ ಮಾಡಿ.

ಸ್ಟೀಲ್ ಡಬ್ಬಿ: ಪ್ಲಾಸ್ಟಿಕ್ ಬಿಡೋಕೆ ಪ್ಲಾಸ್ಟಿಕ್ ಬಾಟಲಿ! ಆರು ಕೆಜಿ ಅಕ್ಕಿ ಬೇರೆ ಕಸಕ್ಕೆ.

ಅಂಟುವಾಳ: ಇರೋ ಬಾಟಲಿ ಮತ್ತೆ ಬಳಸೋದು ತಪ್ಪಾ? ನೀವು ಪಾತ್ರೆ ಯಾವುದರಲ್ಲಿ ತೊಳೀತೀರಿ, ಹೇಳಿ ನೋಡೋಣ.

ಸ್ಟೀಲ್ ಡಬ್ಬಿ: ಸೋಪಿನಲ್ಲಿ. ನಾಚಿಕೆ ಏನಿಲ್ಲ. ತುಪ್ಪದ ಬಾಣಲೆಗೆ ನಿಮ್ಮ ಸಿಪ್ಪೆ ನೀರು ಹಾಕಿ ಉಜ್ಜಿ ತೋರಿಸಿ.

ಹಿತ್ತಾಳೆ ರಾಯರು: ನಮ್ಮ ತಾಯಿ ಬೂದಿ, ಹುಣಸೆಹಣ್ಣಿನಲ್ಲೇ ಸಂಸಾರ ತೂಗಿಸಿದರು.

ಕಲಬುರಗಿಯವಳು: ಬೂದಿ ಎಲ್ಲಿಂದ ತರೋದು ರಾಯರೇ? ಗ್ಯಾಸ್ ಒಲೆಯಿಂದಾ? ಆನ್‌ಲೈನ್‌ನಲ್ಲಿ ಸಿಗುತ್ತೆ, ಪ್ಲಾಸ್ಟಿಕ್ ಕವರಲ್ಲಿ.

ಹಿತ್ತಾಳೆ ರಾಯರು: ನಗಬೇಡಿ. ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಯಲ್ಲಿ ಇವತ್ತಿಗೂ ನಮ್ಮನೆ ಸಾರು ಕುದಿಯುತ್ತದೆ. ಕಷ್ಟ ಅಂದರೆ ಕಲಾಯಿ, ಪಾತ್ರೆಯ ಒಳಗೆ ತವರ ಬಳಿಸೋದು. ಹುಳಿ ಪದಾರ್ಥಕ್ಕೆ ಕಲಾಯಿ ಇಲ್ಲದೆ ಆಗೋದಿಲ್ಲ. ಮೊದಲು ಬೀದಿಯಲ್ಲೇ ಕೂಗುತ್ತಾ ಬರುತ್ತಿದ್ದರು. ಈಗ ಹುಡುಕಿಕೊಂಡು ಪೇಟೆಗೆ ಹೋಗಬೇಕು. ಪಾತ್ರೆಗೆ 450, ಆಟೋಗೆ 300.

ಗೊಬ್ಬರದವನು: ತವರಕ್ಕೆ ಸೀಸ ಬೆರೆಸುವವರೂ ಇದ್ದಾರೆ. ಕೇಳಿ ಮಾಡಿಸಿದಿರಾ?

ಹಿತ್ತಾಳೆ ರಾಯರು: ಎದುರಿಗೇ ಕೂತು ಮಾಡಿಸುತ್ತೇನೆ. ಚೆನ್ನಾಗಿ ಕಾದ ಪಾತ್ರೆಗೆ ನವಸಾಗರದ ಉಪ್ಪು ಹಾಕಿದರೆ ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಒಮ್ಮೆ ಒರೆಸಿದ ಕೂಡಲೇ ಒಳಗೆಲ್ಲ ಬೆಳ್ಳಗಾಗುತ್ತದೆ. ನನಗೆ ಗೊತ್ತಾಗೋದಿಲ್ಲವಾ?

ಗೊಬ್ಬರದವನು: ಸೀಸ ಸೇರಿದ್ದರೂ ಹಾಗೇ ಬೆಳ್ಳಗಾಗುತ್ತದೆ ಸ್ವಾಮಿ. ಕಣ್ಣಿಗೆ ಕಾಣೋದಲ್ಲ ಅದು. ಕಡ್ಡಿಯನ್ನು ನೀವೇ ನಂಬಿಕೆಯ ಲೋಹದ ಅಂಗಡಿಯಲ್ಲಿ ಕೊಂಡು ಒಯ್ಯಿರಿ.

ಹಿತ್ತಾಳೆ ರಾಯರು: ಮೂವತ್ತು ವರ್ಷದಿಂದ ಒಬ್ಬನ ಹತ್ತಿರವೇ ಮಾಡಿಸುತ್ತಿದ್ದೇನೆ. ನೀವು ಮೊದಲು ಆ ಬಿರುಕು ಮಡಕೆ ಬದಲಿಸಿ, ಆಮೇಲೆ ನಮ್ಮ ಪಾತ್ರೆಗೆ ಬನ್ನಿ.