ಫ್ಯಾಟಿ ಲಿವರ್‌ಗೂ ಮೂಳೆ ಸವೆತಕ್ಕೂ ಸಂಬಂಧವಿದೆಯೇ?

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನಗೆ 54 ವರ್ಷ, ಮುಟ್ಟು ನಿಂತು ಕೆಲವು ವರ್ಷಗಳಾದವು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆಷಾಢದ ಮಳೆಯಲ್ಲಿ ಕೊಟ್ಟಿಗೆಗೆ ಹೋಗುವಾಗ ಅಂಗಳಕ್ಕೆ ಹಾಸಿದ್ದ ಅಡಿಕೆ ದಬ್ಬೆಯ ಮೇಲೆ ಜಾರಿ ಬಿದ್ದೆ. ಮೆಟ್ಟಿಲಿನಿಂದ ಬಿದ್ದದ್ದಲ್ಲ, ನಿಂತಲ್ಲಿಂದಲೇ ಬಿದ್ದದ್ದು. ಆದರೂ ಕೈ ಊರಿದ್ದೇ ತಡ, ಬಲ ಮಣಿಕಟ್ಟು ಮುರಿಯಿತು. ಶಿವಮೊಗ್ಗದಲ್ಲಿ ಪ್ಲಾಸ್ಟರ್ ಹಾಕಿದ ಮೂಳೆ ಡಾಕ್ಟರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಸೊಂಟದ ಬೆನ್ನುಮೂಳೆಯ ಟಿ ಸ್ಕೋರ್ −1.8 ಬಂತು. ರಕ್ತದಲ್ಲಿ ವಿಟಮಿನ್ ಡಿ 14.

ಅದೇ ವಾರ ಹೊಟ್ಟೆ ಉಬ್ಬರಕ್ಕೆಂದು ಮಾಡಿಸಿದ ಅಲ್ಟ್ರಾಸೌಂಡಿನಲ್ಲಿ ಫ್ಯಾಟಿ ಲಿವರ್, ಗ್ರೇಡ್ 2 ಎಂದಿದೆ. ರಕ್ತಪರೀಕ್ಷೆಯಲ್ಲಿ ಲಿವರಿನ ಕಿಣ್ವಗಳಾದ ಎಸ್‌ಜಿಒಟಿ 34, ಎಸ್‌ಜಿಪಿಟಿ 52, ಪ್ಲೇಟ್‌ಲೆಟ್ 2.1 ಲಕ್ಷ. ಹೆಂಡದ ವಾಸನೆಯೂ ಗೊತ್ತಿಲ್ಲದ ನನಗೆ ಈ ಲಿವರ್ ಕಾಯಿಲೆ ಎಲ್ಲಿಂದ ಬಂತೋ!

ಒಬ್ಬ ಡಾಕ್ಟರು ಎರಡಕ್ಕೂ ಸಂಬಂಧವೇ ಇಲ್ಲ ಎಂದರು. ಇನ್ನೊಬ್ಬರು ಎರಡೂ ಒಂದೇ ಬೇರಿನಿಂದ ಬಂದವು ಎಂದರು. ಮಗ ಬೆಂಗಳೂರಿನಿಂದ ಫೋನಿನಲ್ಲೇ ಅನ್ನ ಬಿಡಿಸಿ, ರಾತ್ರಿ ಉಪವಾಸ ಮಾಡಿಸುತ್ತಿದ್ದಾನೆ. ಯಾರ ಮಾತು ಕೇಳಲಿ?

ಕೊಡಚಾದ್ರಿ ತಪ್ಪಲು (ಹೊಸನಗರ)

ಅಕ್ಕಾ, ಹೆದರಬೇಡಿ. ನಮ್ಮ ಚಿಕ್ಕಮ್ಮನಿಗೂ ಗ್ರೇಡ್ 2 ಇತ್ತು. ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ, ಜೊತೆಗೆ ದಿನಾ ಅಮೃತಬಳ್ಳಿ ಕಷಾಯ. ಲಿವರ್ ಸರಿಹೋದರೆ ಮೂಳೆ ತಾನಾಗಿಯೇ ಸರಿಹೋಗುತ್ತದೆ.

ಹಳೆಯ ಔಷಧ ಅಂಗಡಿ (ಸಾಗರ)

ಮೊದಲು ಕಷಾಯದ ವಿಚಾರ ಮುಗಿಸಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಉರಿಯೂತವಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆ ಜಗಳ ಇಲ್ಲಿ ಬೇಡ. ಈಗಾಗಲೇ ಎಸ್‌ಜಿಪಿಟಿ ಏರಿರುವವರು ದಿನಾ ಕುಡಿಯುವ ವಸ್ತು ಅದಲ್ಲ, ಅಷ್ಟು ಸಾಕು.

ಇನ್ನು ತೋಟದಮನೆಯವರ ಪ್ರಶ್ನೆ. ಸಾಗರದಲ್ಲಿ ಔಷಧ ಅಂಗಡಿ ಇಟ್ಟು ವಯಸ್ಸು ಕಳೆದವನು ನಾನು, ವೈದ್ಯನಲ್ಲ. ಆದರೆ ಚೀಟಿ ಓದಲು ಬರುತ್ತದೆ. ಅಮ್ಮಾ, ಇಬ್ಬರು ಡಾಕ್ಟರುಗಳೂ ಸುಳ್ಳು ಹೇಳಿಲ್ಲ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲಿ ಮೂಳೆ ಸವೆಯುವುದು ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಬರೀ ಕೊಬ್ಬು ಕೂತ ಹಂತದಲ್ಲಿ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿಗಿಲ್ಲ. ಕೆಲವು ಮೂಳೆ ಸಾಂದ್ರತೆ ಕಡಿಮೆ ಎನ್ನುತ್ತವೆ, ಕೆಲವು ವ್ಯತ್ಯಾಸವೇ ಇಲ್ಲ ಎನ್ನುತ್ತವೆ. ದಪ್ಪಗಿರುವವರಿಗೆ ಮೈಭಾರದಿಂದಲೇ ಮೂಳೆಯ ಸಾಂದ್ರತೆ ಹೆಚ್ಚು ಕಾಣುವುದರಿಂದ ಲೆಕ್ಕ ಇನ್ನಷ್ಟು ಸಿಕ್ಕುಸಿಕ್ಕಾಗುತ್ತದೆ.

ಸಂಬಂಧ ಹೇಗೆ ಬರಬಹುದು ಎಂಬುದಕ್ಕೆ ಕಾರಣಗಳಿವೆ. ಮೂಳೆ ಕಟ್ಟಲು ನೆರವಾಗುವ ಐಜಿಎಫ್-1 ಎಂಬ ಹಾರ್ಮೋನು ಹೆಚ್ಚಾಗಿ ಲಿವರಿನಲ್ಲೇ ತಯಾರಾಗುತ್ತದೆ. ಕೊಬ್ಬು ತುಂಬಿ ಲಿವರಿನಲ್ಲಿ ಉರಿಯೂತ ಶುರುವಾದರೆ ರಕ್ತಕ್ಕೆ ಸೇರುವ ಕೆಲವು ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ವಿಟಮಿನ್ ಡಿಯ ಮೊದಲ ಸಂಸ್ಕರಣೆ ನಡೆಯುವುದೂ ಲಿವರಿನಲ್ಲೇ, ಎರಡನೆಯದು ಕಿಡ್ನಿಯಲ್ಲಿ. ಇದನ್ನು ಓದಿ ಗ್ರೇಡ್ 2 ಆಯಿತು, ಡಿ ತಯಾರಿ ನಿಂತೇಹೋಯಿತು ಎಂದು ಹಲವರು ಗಾಬರಿಯಾಗುತ್ತಾರೆ. ಹಾಗೇನೂ ಇಲ್ಲ. ಲಿವರ್ ತೀರಾ ಹದಗೆಡುವವರೆಗೂ ಆ ಕೆಲಸ ನಡೆಯುತ್ತಿರುತ್ತದೆ. ನಿಮ್ಮ 14ಕ್ಕೆ ನಮ್ಮ ಕಡೆಯ ಮಳೆಗಾಲ, ಸೆರಗು ಹೊದ್ದ ಮೈ, ಹೊಟ್ಟೆಯ ಕೊಬ್ಬು ಇವೇ ಹೆಚ್ಚಿನ ಕಾರಣವಿರಬಹುದು. ಆಗುಂಬೆಯ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೇ ಬಿಸಿಲು ಸಿಗುವುದಿಲ್ಲ, ಇನ್ನು ಮೈಗೆಲ್ಲಿ!

ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ಅಂದಾಜು ಮಾಡಲು ಫಿಬ್-4 ಎಂಬ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ನಿಮ್ಮದು ಸುಮಾರು 1.2 ಬರುತ್ತದೆ. ನಿಮ್ಮ ವಯಸ್ಸಿಗೆ 1.3ಕ್ಕಿಂತ ಕಡಿಮೆಯಿದ್ದರೆ ಲಿವರ್ ಹೆಚ್ಚು ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಗಡಿಯ ಹತ್ತಿರವೇ ಇರುವುದರಿಂದ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಗ್ರೇಡ್ 2 ಎಂಬುದು ಕೊಬ್ಬಿನ ಪ್ರಮಾಣ ಮಾತ್ರ, ಲಿವರನ್ನು ಗಟ್ಟಿಯಾಗಿಸುವ ಗಾಯದ ಕಲೆಯ ಲೆಕ್ಕವಲ್ಲ.

ಈಗ ಯಾರೂ ಕೇಳದ ಪ್ರಶ್ನೆ. ನಿಮ್ಮ ಸಕ್ಕರೆ ಮಾತ್ರೆ ಯಾವುದು? ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಿ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ಪಯೋಗ್ಲಿಟಜೋನ್ ಸೇರಿಸಿದ ಮೂರು ಔಷಧದ ಮಾತ್ರೆಗಳನ್ನು ನಾನು ರಾಶಿರಾಶಿ ಮಾರಿದ್ದೇನೆ. ಕೇಂದ್ರ ಸರ್ಕಾರ 2013ರ ಜೂನ್‌ನಲ್ಲಿ ಪಯೋಗ್ಲಿಟಜೋನ್ ಮಾರಾಟ ತಡೆದು, ಮರು ತಿಂಗಳೇ ಎಚ್ಚರಿಕೆಯ ಬರಹದೊಂದಿಗೆ ಬಿಟ್ಟಿತು. ಆಗ ಗದ್ದಲವಾದದ್ದು ಮೂತ್ರಕೋಶದ ಕ್ಯಾನ್ಸರಿನ ಬಗ್ಗೆ, ಮೂಳೆಯ ಮಾತು ಅದರಡಿ ಮುಚ್ಚಿಹೋಯಿತು. ತಮಾಷೆ ಏನೆಂದರೆ ಇದು ಲಿವರಿನ ಕೊಬ್ಬನ್ನು ಇಳಿಸುತ್ತದೆ, ಅದಕ್ಕೆಂದೇ ಬರೆಯುವ ಡಾಕ್ಟರುಗಳೂ ಇದ್ದಾರೆ. ಮೂಳೆಯ ಮಜ್ಜೆಯಲ್ಲಿ ಮಾತ್ರ, ಮೂಳೆ ಕಟ್ಟುವ ಕೋಶಗಳಾಗಬೇಕಿದ್ದ ಮೂಲಕೋಶಗಳನ್ನು ಇದು ಕೊಬ್ಬಿನ ಕೋಶಗಳ ಕಡೆ ತಿರುಗಿಸಿಬಿಡುತ್ತದೆ, ಒಂದು ಕಾಲುವೆಯ ನೀರನ್ನು ಪಕ್ಕದ ತೋಟಕ್ಕೆ ಕಡಿದುಬಿಟ್ಟ ಹಾಗೆ. ಹೆಂಗಸರಲ್ಲಿ ಕೈಕಾಲಿನ ಮೂಳೆ ಮುರಿತ ಹೆಚ್ಚುವುದು ದೊಡ್ಡ ಪರೀಕ್ಷೆಗಳಲ್ಲೇ ಕಂಡಿದೆ. ನಿಮ್ಮದು ಅದೇ ಮಾತ್ರೆಯಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಸಕ್ಕರೆ ಏರಿದರೆ ಅದೊಂದು ಬೇರೆ ರಾಮಾಯಣ. ಮೂಳೆ ಮುರಿದ ಸಂಗತಿ ಹೇಳಿ, ಬದಲಿ ಕೇಳಿ.

ಇನ್ನೊಂದು. ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದರೆ ಟಿ ಸ್ಕೋರ್ ಮೂಳೆ ಸವೆತದ ಗಡಿಯಾದ −2.5 ಮುಟ್ಟದಿದ್ದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಕ್ಕರೆ ಇರುವವರಲ್ಲಿ ಸ್ಕ್ಯಾನಿನ ಅಂಕಿ ತೋರಿಸುವುದಕ್ಕಿಂತ ಮೂಳೆ ದುರ್ಬಲವಾಗಿರುತ್ತದೆ. ಮುರಿತದ ಅಪಾಯ ಅಂದಾಜು ಮಾಡುವ ಫ್ರ್ಯಾಕ್ಸ್ ಎಂಬ ಮೂಲ ಲೆಕ್ಕದಲ್ಲಿ ಟೈಪ್ 2 ಸಕ್ಕರೆಗೆ ಜಾಗವೇ ಇಲ್ಲ. ಮೂಳೆ ಡಾಕ್ಟರು ಅದನ್ನು ಹಾಕಿ ನೋಡಿದ್ದರೆ ಸಕ್ಕರೆಯನ್ನು ಬೇರೆಯಾಗಿ ನೆನಪಿಸಿ.

ಫಿಸಿಯೋ (ಶಿವಮೊಗ್ಗ)

ಮೇಲಿನವರು ಮಗನ ಉಪವಾಸದ ಮಾತು ಬಿಟ್ಟರು, ನಾನು ಹೇಳುತ್ತೇನೆ. ಲಿವರಿಗಾಗಿ ಮೈತೂಕದ 7ರಿಂದ 10 ಶೇಕಡಾ ಇಳಿಸುವುದು ಒಳ್ಳೆಯದೇ. ಆದರೆ ಹೊಟ್ಟೆ ಕಟ್ಟಿ ಬೇಗ ಇಳಿಸಿದರೆ ಸ್ನಾಯುವೂ ಮೂಳೆಯೂ ಜೊತೆಗೇ ಇಳಿಯುತ್ತವೆ. ಸಕ್ಕರೆ ಮಾತ್ರೆ ನುಂಗಿ ರಾತ್ರಿ ಉಪವಾಸವಿದ್ದರೆ ಸಕ್ಕರೆ ಕುಸಿಯುವ ಭಯ ಬೇರೆ. ಅನ್ನ ಪೂರ್ತಿ ಬಿಡಬೇಕಿಲ್ಲ, ಬಡಿಸಿಕೊಳ್ಳುವುದನ್ನು ಅರ್ಧ ಮಾಡಿ. ಕಡುಬಿನ ಜೊತೆಯ ಜೋನಿ ಬೆಲ್ಲ ಮಾತ್ರ ಪೂರ್ತಿ ಬಿಡಿ, ಸಿಹಿಯಲ್ಲಿರುವ ಫ್ರಕ್ಟೋಸನ್ನು ಲಿವರ್ ಸುಲಭವಾಗಿ ಕೊಬ್ಬು ಮಾಡುತ್ತದೆ. ಹೆಸರುಕಾಳು, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಸೇರಿಸಿ. ನಮ್ಮಲ್ಲಿ ರಾಗಿ ಅಪರೂಪ, ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ಗಂಜಿ ಮಾಡಿಕೊಳ್ಳಿ.

ಪ್ಲಾಸ್ಟರ್ ತೆಗೆಯುವವರೆಗೆ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಯ ಪಕ್ಕ ನಿಂತು ಹಿಮ್ಮಡಿ ಎತ್ತುವುದು ಮಾಡಿ. ತೋಟ ಸುತ್ತುತ್ತೇನಲ್ಲ ಎನ್ನಬೇಡಿ, ನಡಿಗೆಯೊಂದೇ ಮೂಳೆಗೆ ಸಾಲದು. ಕೈ ಕೂಡಿದ ಮೇಲೆ ಭಾರ ಎತ್ತುವುದನ್ನು ಯಾರಾದರೂ ಎದುರಿಗೆ ನಿಂತು ಹೇಳಿಕೊಡಲಿ.

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು)

ಕನ್ನಡಕ ಹಾಕಿ ಸ್ಟ್ರಿಪ್ ಓದಿದೆ. ಪಯೋಗ್ಲಿಟಜೋನ್ 15 ಮಿಲಿಗ್ರಾಂ ಇದೆ! ಡಾಕ್ಟರಿಗೆ ತೋರಿಸಿದೆ. ಅದಿಲ್ಲದ ಮಾತ್ರೆ ಬರೆದು, ಮೂರು ತಿಂಗಳ ಸಕ್ಕರೆ ನೋಡೋಣ ಎಂದರು. ವಾರಕ್ಕೊಂದರಂತೆ ವಿಟಮಿನ್ ಡಿ 60,000 ಯೂನಿಟ್ ಪುಡಿಯೂ ಕೊಟ್ಟಿದ್ದಾರೆ. ಮಗನಿಗೆ ನಿಮ್ಮೆಲ್ಲರ ಉತ್ತರ ಓದಿಸಿದೆ, ಈಗ ಫೋನಿನಲ್ಲಿ ರಾಗಿ ರಾಗಿ ಎನ್ನುತ್ತಿದ್ದಾನೆ. ಡೆಕ್ಸಾ ಮತ್ತೆ ಯಾವಾಗ ಮಾಡಿಸಬೇಕು?

ಹಳೆಯ ಔಷಧ ಅಂಗಡಿ (ಸಾಗರ)

ಡಿ ಪುಡಿಯನ್ನು ಹಾಲಿನಲ್ಲಿ, ಊಟದ ಜೊತೆ ತೆಗೆದುಕೊಳ್ಳಿ. ಬರೆದಷ್ಟೇ ವಾರ, ಒಳ್ಳೆಯದೆಂದು ಮುಂದುವರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಡೆಕ್ಸಾ ಸಾಮಾನ್ಯವಾಗಿ ಒಂದೆರಡು ವರ್ಷದ ಮೇಲೆ, ದಿನ ಡಾಕ್ಟರೇ ಹೇಳುತ್ತಾರೆ. ಮಾಡಿಸಿದಲ್ಲೇ, ಅದೇ ಯಂತ್ರದಲ್ಲೇ ಮಾಡಿಸಿ. ಯಂತ್ರ ಬದಲಾದರೆ ಹಳೆಯ ಅಂಕಿಗೂ ಹೊಸದಕ್ಕೂ ತಾಳೆಯಾಗುವುದಿಲ್ಲ. ಈ ಸಲದ ವರದಿಯ ಫೋಟೋ ತೆಗೆದಿಡಿ, ಆ ಕಾಗದದ ಅಕ್ಷರ ಒಂದೇ ಮಳೆಗಾಲಕ್ಕೆ ಮಾಸುತ್ತದೆ.