ಎಪ್ಕಾಟ್‌ನ ಹೊಸ ಅಂಗಡಿ ಏಕೆ ಇಷ್ಟು ಬೋಳು?

ಪ್ರಶ್ನೆ: ಫ್ಲೋರಿಡಾದಲ್ಲಿರುವ ಡಿಸ್ನಿಯ ಮನರಂಜನಾ ಉದ್ಯಾನ ಎಪ್ಕಾಟ್‌ಗೆ ಹೋಗಿದ್ದೆವು. ಹಿಂದಿದ್ದ ಮೌಸ್ ಗಿಯರ್ ಅಂಗಡಿಯ ಜಾಗದಲ್ಲಿ 2021ರಲ್ಲಿ ತೆರೆದ ಕ್ರಿಯೇಷನ್ಸ್ ಶಾಪ್ ಈಗಿದೆ. ಬಿಳಿ ಗೋಡೆ, ಎತ್ತರದ ಗಾಜು, ಬಯಲಿನಂಥ ನೆಲ. ಮಿಕ್ಕಿಯ ಮನೆಗೆ ಬಂದೆನೋ ಮೊಬೈಲ್ ಅಂಗಡಿಗೆ ಬಂದೆನೋ ತಿಳಿಯಲಿಲ್ಲ. ಹಳೆಯ ಅಂಗಡಿಯಲ್ಲಿ ಗೋಡೆಯೂ ಕಥೆ ಹೇಳುತ್ತಿತ್ತು. ಇದನ್ನು ವಿನ್ಯಾಸ ಎನ್ನಬೇಕೇ, ಉಳಿತಾಯ ಎನ್ನಬೇಕೇ?

ಉತ್ತರ 1: ಅಂಗಡಿಗಳ ಒಳಾಂಗಣ ಮಾಡುವುದು ನನ್ನ ಕಸುಬು, ಆದ್ದರಿಂದ ಸ್ವಲ್ಪ ಪಕ್ಷಪಾತ ಇದ್ದೇ ಇದೆ. ಆ ಕಟ್ಟಡ ಉದ್ಯಾನದಷ್ಟೇ ಹಳೆಯದು: 1982ರ ಕಮ್ಯುನಿಕೋರ್ ಎಂಬ ಪ್ರದರ್ಶನ ಮಂಟಪ. ಹುಟ್ಟಿದಾಗ ಅದು ಗಾಜು ಮತ್ತು ಬೆಳಕಿನದೇ ಆಗಿತ್ತು. ಮೌಸ್ ಗಿಯರ್‌ನ ಯಂತ್ರಗಳ ಅಲಂಕಾರ ಆಮೇಲೆ ಬಂದದ್ದು. ಬಿಳಿ ಗೋಡೆಗೆ ವ್ಯಾಪಾರದ ಲೆಕ್ಕವೂ ಇದೆ. ಸರಕಿಗೇ ಬೇಕಾದಷ್ಟು ಬಣ್ಣವಿರುವಾಗ ಗೋಡೆ ಅದರೊಡನೆ ಜಗಳಕ್ಕೆ ನಿಲ್ಲಬಾರದು. ಹಬ್ಬಕ್ಕೆ ತಕ್ಕಂತೆ ಕಪಾಟು ಸರಿಸಿದರೆ ಸಾಕು, ಅಂಗಡಿಯೇ ಬದಲಾಗುತ್ತದೆ. ಕಷ್ಟವಿರುವುದು ಮೊಣಕಾಲಿನ ಎತ್ತರದಲ್ಲಿ: ಮಕ್ಕಳ ತಳ್ಳುಗಾಡಿ ಉಜ್ಜಿ ಎಳೆದ ಕಪ್ಪು ಗೆರೆಗಳು. ಬಿಳಿಯನ್ನು ಬಿಳಿಯಾಗಿ ಉಳಿಸುವುದು ಅಗ್ಗದ ಕೆಲಸವಲ್ಲ ಸ್ವಾಮಿ, ಉಳಿತಾಯದ ಮಾತು ಬಿಡಿ.

ಉತ್ತರ 2: ಎಪ್ಕಾಟ್‌ಗೆ ಒಪ್ಪುತ್ತದೆ, ಸರ್. ಇದನ್ನೇ ಡಿಸ್ನಿಯ ಇನ್ನೊಂದು ಉದ್ಯಾನ ಮ್ಯಾಜಿಕ್ ಕಿಂಗ್‌ಡಮ್‌ನ ಎಂಪೋರಿಯಮ್ ಅಂಗಡಿಗೆ ಮಾಡಿದರೆ ನಾನು ಮೊದಲು ಕೂಗಾಡುತ್ತೇನೆ. ಅಲ್ಲಿ ಹಳೆಯ ಅಮೆರಿಕದ ಪೇಟೆಬೀದಿಯೇ ನಾಟಕ.

ಪ್ರಶ್ನೆ ಕೇಳಿದವರು: ಕಮ್ಯುನಿಕೋರ್ ವಿಷಯ ಗೊತ್ತಿರಲಿಲ್ಲ, ಧನ್ಯವಾದ. ಆದರೂ ನನ್ನ ಮಗಳು ಅಲ್ಲಿ ಒಂದು ಫೋಟೊ ಕೂಡ ಕೇಳಲಿಲ್ಲ.