‘ಭಾಷಾ ಪ್ರಚಾರಕಿ’ ಮತ್ತು ‘ಹೇಳಿಕೊಡು’: ಎರಡು ಪದಗಳ ಬಗ್ಗೆ ಪ್ರಶ್ನೆ

ಮಾನ್ಯರೇ,

ನ್ಯೂಜಿಲೆಂಡಿನ ಮೂಲನಿವಾಸಿಗಳ ನುಡಿಯಾದ ಮಾವೊರಿಗಾಗಿ ದುಡಿದ ಕಾತೆರಿನ ಮತೈರ (1932–2011) ಅವರ ಬಗ್ಗೆ ಒಂದು ಕಿರುಪರಿಚಯ ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲಿ ‘ಮಾವೊರಿ ಭಾಷಾ ಪ್ರಚಾರಕಿ’ ಎಂದೂ ಎರಡನೆಯದರಲ್ಲಿ ‘ಸಾವಿರಾರು ಜನರಿಗೆ ಮಾವೊರಿ ಹೇಳಿಕೊಡುವ ದಾರಿ ಕಂಡುಕೊಂಡವರು’ ಎಂದೂ ಬರೆದೆ. ಆಮೇಲೆ ಎರಡೂ ಪದಗಳನ್ನು ಹೊಡೆದುಹಾಕಿದೆ. ಏಕೆಂಬುದನ್ನು ವಿವರಿಸಿ ನಿಮ್ಮ ಸಲಹೆ ಕೇಳುತ್ತಿದ್ದೇನೆ.

‘ಪ್ರಚಾರ’ದಲ್ಲಿರುವ ಧಾತು ‘ಚರ್’. ಒಂದೆಡೆಯಿಂದ ಮುಂದಕ್ಕೆ ಸಾಗುವುದು, ಹರಡುವುದು ಅದರ ಅರ್ಥ. ಹಿಂದಿ ಪ್ರಚಾರ, ಚುನಾವಣಾ ಪ್ರಚಾರ ಎನ್ನುವಾಗಲೂ ಇಲ್ಲದವರ ಬಳಿಗೆ ಏನನ್ನೋ ಒಯ್ಯುವ ಭಾವವೇ ಇದೆ. ಮತೈರ ಅವರು ಮಾಡಿದ್ದು ಅದಲ್ಲ. ಶಾಲೆಯಲ್ಲಿ ಮಾವೊರಿ ಆಡಿದ್ದಕ್ಕೆ ಏಟು ತಿಂದಿದ್ದ ತಲೆಮಾರಿನ ಎಷ್ಟೋ ಜನ, ತಮ್ಮ ಮಕ್ಕಳಿಗಾದರೂ ಆ ಪಾಡು ಬೇಡವೆಂದು ಮನೆಯೊಳಗೂ ಇಂಗ್ಲಿಷನ್ನೇ ಆಡತೊಡಗಿದ್ದರು. ಹಾಗೆ ತಮ್ಮ ನುಡಿಯಿಂದ ದೂರವಾಗಿ ಬೆಳೆದವರಿಗೆ ಅವರದೇ ಸೊತ್ತನ್ನು ಮರಳಿ ಒಪ್ಪಿಸುವುದು ಈಕೆಯ ಬಾಳಿನ ಕೆಲಸವಾಯಿತು. (ಸಂಸ್ಕೃತದಲ್ಲಿ ಕಲಿಕೆಯನ್ನು ಹೇಳುವ ‘ಶಿಕ್ಷಾ’ ಕನ್ನಡದಲ್ಲಿ ‘ಶಿಕ್ಷೆ’ಯಾಗಿ ದಂಡನೆಯ ಅರ್ಥ ಪಡೆದಿರುವುದು ಈ ಚರಿತ್ರೆ ಓದುವಾಗ ನೆನಪಾಗಿ ಮನಸ್ಸು ಕಲಕುತ್ತದೆ.)

‘ಪರಿಚಾರಕ’ ಎಂಬುದು ಹತ್ತಿರದ ಪದವೆಂದು ತೋರಿತು. ಜಿ.ಪಿ. ರಾಜರತ್ನಂ ಅವರನ್ನು ನಾವು ಸಾಹಿತ್ಯ ಪರಿಚಾರಕರೆಂದು ಗೌರವದಿಂದ ನೆನೆಯುತ್ತೇವೆ. ಧಾತು ಅದೇ ‘ಚರ್’, ಬದಲಾಗಿರುವುದು ಉಪಸರ್ಗ ಮಾತ್ರ. ‘ಪ್ರ’ ಹೊರಗೆ ಕೊಂಡೊಯ್ದರೆ ‘ಪರಿ’ ಸುತ್ತಮುತ್ತಲೇ ಇದ್ದು ಆರೈಕೆ ಮಾಡುತ್ತದೆ. ಮತೈರ ಅವರ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಆದರೆ ಸ್ತ್ರೀಲಿಂಗಕ್ಕೆ ತಿರುಗಿಸಿ ‘ಪರಿಚಾರಿಕೆ’ ಎಂದ ಕೂಡಲೇ ದಾದಿ, ಊಳಿಗದವಳು ಎಂಬ ಅರ್ಥಗಳು ಮುಂದೆ ಬಂದು ನಿಲ್ಲುತ್ತವೆ. ಗಂಡಸಿಗೆ ಬಿರುದಾದದ್ದು ಹೆಂಗಸಿಗೆ ಬರಿಯ ಕಸುಬಾಗಿಬಿಡುವುದನ್ನು ಒಪ್ಪಲು ನನಗೆ ಮನಸ್ಸಿಲ್ಲ. ‘ಪರಿಚಾರಕರು’ ಎಂಬ ಬಹುವಚನದಿಂದ ಈ ತೊಡಕು ನೀಗುತ್ತದೆಯೇ, ಅಥವಾ ‘ನುಡಿಸೇವಕಿ’ಯಂಥದ್ದನ್ನೇ ಹಿಡಿಯಬೇಕೇ?

ಎರಡನೆಯ ಪದದ ತೊಡಕು ಇನ್ನೂ ಸೂಕ್ಷ್ಮವಾದುದು. ಮತೈರ ಅವರು ಙೊಯಿ ಪೇಫೈರಙಿ ಅವರೊಡನೆ ಸೇರಿ 1979ರಲ್ಲಿ ‘ತೆ ಅತಾರಙಿ’ ಎಂಬ ಕಲಿಕೆಯ ಚಳವಳಿಯನ್ನು ಕಟ್ಟಿದರು. (ಇಲ್ಲಿ ‘ಙ’ ಬೇಕೇ ಬೇಕು, ಅನುಸ್ವಾರ ಹಾಕಿ ‘ರಂಗಿ’ ಎಂದರೆ ಮೂಲದಲ್ಲಿಲ್ಲದ ‘ಗ’ಕಾರ ಕೇಳಿಸುತ್ತದೆ.) ಶಿಕ್ಷಕರು ಆದಷ್ಟೂ ಮೌನವಾಗಿರಬೇಕೆನ್ನುವ, ಶಿಕ್ಷಣತಜ್ಞ ಕಲೆಬ್ ಗಟೆನ್ಯೊ ಅವರ ವಿಧಾನವೇ ಇದಕ್ಕೆ ಆಧಾರ. ವಯಸ್ಕರು ಸುತ್ತ ಕುಳಿತಿರುತ್ತಾರೆ. ನಡುವೆ ಬಣ್ಣಬಣ್ಣದ ಕಡ್ಡಿಗಳು, ತೀರಾ ಚಿಕ್ಕದು ಒಂದು ಸೆಂಟಿಮೀಟರ್, ಎಲ್ಲಕ್ಕೂ ಉದ್ದದ್ದು ಹತ್ತು. ಕಲಿಸುವವರು ಒಂದನ್ನೆತ್ತಿ ‘ಹೆ ರಾಕೌ’ ಎನ್ನುತ್ತಾರೆ. ಕೆಂಪನೆಯದನ್ನೆತ್ತಿ ‘ಹೆ ರಾಕೌ ಫೆರೊ’ ಎನ್ನುತ್ತಾರೆ. ಅನುವಾದವಿಲ್ಲ, ವ್ಯಾಕರಣದ ವಿವರಣೆಯಿಲ್ಲ. ಕಡ್ಡಿಯನ್ನು ನೋಡಿ, ಕಿವಿಗೆ ಬಿದ್ದದ್ದನ್ನು ಅದರೊಡನೆ ಹೊಂದಿಸಿಕೊಂಡು ಕಲಿಯುವವರೇ ಬಾಯಿ ತೆರೆಯಬೇಕು. ‘ರಾಕೌ’ ಎಂದರೆ ಬೆಳೆದು ನಿಂತ ಮರವೂ ಹೌದು, ಕಡಿದ ಕಟ್ಟಿಗೆಯೂ ಹೌದು, ಕೋಲೂ ಹೌದು. ‘ಮರದ ಕೊಂಬೆ’, ‘ಮರದ ಕುರ್ಚಿ’ ಎಂದು ಒಂದೇ ಪದದಲ್ಲಿ ಎರಡನ್ನೂ ಹೇಳುವ ನಮಗೆ ಇದು ಸಲೀಸಾಗಿ ಹಿಡಿಸುತ್ತದೆ.

ಅಲ್ಲಿನ ಕಟ್ಟಳೆಗಳಲ್ಲಿ ಇಂಗ್ಲಿಷ್ ಆಡಬಾರದೆಂಬುದು ಒಂದು, ಒಬ್ಬರೊಡನೊಬ್ಬರು ಮೆದುವಾಗಿ ನಡೆದುಕೊಳ್ಳಬೇಕೆಂಬುದು ಇನ್ನೊಂದು, ಪಕ್ಕದವರಿಗೆ ಉತ್ತರ ಹೇಳಿಕೊಡಬಾರದೆಂಬುದು ಮತ್ತೊಂದು. ನನ್ನ ಲೇಖನಿ ನಿಂತದ್ದು ಈ ಕೊನೆಯದರಲ್ಲಿ. ಕನ್ನಡದಲ್ಲಿ ಮೇಷ್ಟರು ಮಾಡುವುದೂ ‘ಹೇಳಿಕೊಡು’ವುದು, ಪಕ್ಕದ ಹುಡುಗ ಪಿಸುಗುಟ್ಟುವುದೂ ‘ಹೇಳಿಕೊಡು’ವುದು. ಹೇಳಿಕೊಡಬಾರದೆಂಬುದೇ ಕಟ್ಟಳೆಯಾಗಿರುವ ಕಡೆ ಆ ಕ್ರಿಯಾಪದವನ್ನು ಕಲಿಸುವವರಿಗೆ ಹೇಗೆ ಹಚ್ಚುವುದು?

ಮಾವೊರಿಯಲ್ಲಿ ಈ ಇಕ್ಕಟ್ಟಿಲ್ಲ. ‘ಅಕೊ’ ಎಂಬ ಒಂದೇ ಪದ ಕಲಿಯುವುದಕ್ಕೂ ಕಲಿಸುವುದಕ್ಕೂ ಸಲ್ಲುತ್ತದೆ. ಬೇರೆಯಾಗಿಯೇ ಹೇಳಬೇಕೆಂದರೆ ‘ಫಕ’ ಎಂಬ ಪೂರ್ವಪ್ರತ್ಯಯ ಸೇರಿಸುತ್ತಾರೆ. ನಾವು ‘ಕಲಿ’ಗೆ ‘ಇಸು’ ಸೇರಿಸಿ ‘ಕಲಿಸು’ ಮಾಡಿದಂತೆಯೇ. ಹಾಗಾದರೆ ‘ಕಲಿಸು’ ಸಾಕಲ್ಲವೇ ಎಂದು ನೀವು ಕೇಳಬಹುದು. ಪ್ರೇರಣಾರ್ಥಕವಾದ ‘ಇಸು’ವಿನಲ್ಲಿ ಮಾಡಿಸುವವರ ಕೈಯೇ ಮೇಲಾಗಿರುತ್ತದೆ ಎಂಬುದು ನನ್ನ ಹಿಂಜರಿಕೆ. ನನಗೆ ಒಪ್ಪಿಗೆಯಾಗುವುದು ‘ಕಲಿಯಗೊಡು’, ಅಂದರೆ ಕಲಿಯಲು ಬಿಟ್ಟು, ಅದಕ್ಕೆ ಎಡೆ ಮಾಡಿಕೊಡುವುದು.

ಉಳಿದ ಪದಗಳು ಇಷ್ಟು ಕಾಡಿಲ್ಲ. 1982ರಲ್ಲಿ ವೈನುಇಒಮತ ಎಂಬ ಊರಿನಲ್ಲಿ ಶುರುವಾದ, ಮಾವೊರಿಯಲ್ಲೇ ನಡೆಯುವ ಮಕ್ಕಳ ಶಿಶುವಿಹಾರ ‘ಕೋಹಙ ರೆಒ’ಗೆ ‘ನುಡಿಗೂಡು’ ಚೆನ್ನಾಗಿ ಒಪ್ಪುತ್ತದೆ. ಮತೈರ ಅವರು ಮುಂದೆ ಯಾವುದಕ್ಕಾಗಿ ದುಡಿದರೋ ಆ ‘ಕುರ ಕೌಪಪ ಮಾವೊರಿ’ಯನ್ನು ‘ಮಾವೊರಿ ನೆಲೆಯ ಶಾಲೆ’ ಎಂದಿದ್ದೇನೆ. 2011ರಲ್ಲಿ, ಅವರು ತೀರಿಕೊಂಡ ವರ್ಷವೇ ಬಂದ, ಗಂಡಸರ ‘ಸರ್’ ಬಿರುದಿಗೆ ಸಾಟಿಯಾದ ‘ಡೇಮ್’ ಗೌರವವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಆದರೆ ‘ಗೊಡು’ ಇಂದು ನಮ್ಮಲ್ಲಿ ಹೆಚ್ಚಾಗಿ ಉಳಿದಿರುವುದು ‘ಮಾತಾಡಗೊಡಲಿಲ್ಲ’, ‘ಹೋಗಗೊಡುವುದಿಲ್ಲ’ ಎಂಬಂಥ ನಿಷೇಧದಲ್ಲಿ. ‘ಕಲಿಯಗೊಟ್ಟರು’ ಎಂದು ವಿಧಿರೂಪದಲ್ಲಿ ಬರೆದರೆ ಓದುಗರಿಗೆ ಅದು ತೊಡರುತ್ತದೆಯೇ? ಹಳಗನ್ನಡ, ನಡುಗನ್ನಡ ಓದಿಕೊಂಡವರಾಗಲಿ, ಮನೆಮಾತಿನಲ್ಲಿ ಈ ರೂಪವನ್ನು ಇಂದಿಗೂ ಆಡುವ ಕಡೆಯವರಾಗಲಿ ಬಳಕೆಯ ಉದಾಹರಣೆ ಕೊಟ್ಟರೆ ಆ ವಾಕ್ಯವನ್ನು ಧೈರ್ಯವಾಗಿ ಉಳಿಸಿಕೊಳ್ಳುತ್ತೇನೆ.

ವಂದನೆಗಳು.